ಮರದ ಬಾಲ್ಕನಿಗೆ ಟೈಲ್ಸ್: ಅಂಟಿಸುವುದಾ, ಬಿಡಿಯಾಗಿ ಇಡುವುದಾ?

ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಟೈಲ್ಸ್ ಬಗ್ಗುವುದಿಲ್ಲ. ಜಗಳ ಇಲ್ಲೇ ಅಲ್ವಾ?

ಸಿಮೆಂಟ್ ಬೋರ್ಡ್ ಮೇಲೆ ಅಂಟಿಸಿದರೆ ಸಂದುಗಳು ಕ್ರಮೇಣ ಬಿರುಕು ಬಿಡಬಹುದು. ಕೆಳಗಿನ ವಾಟರ್‌ಪ್ರೂಫ್ ಪದರವೂ ಸೋತರೆ ಮರ ಕೊಳೆಯುವುದು ಬೇಗ ಗೊತ್ತಾಗುವುದಿಲ್ಲ. ನೋಡಲು ಟೈಲ್ಸ್ ಒಡೆಯಬೇಕು!

20 ಮಿಮೀ ದಪ್ಪದ ಪೋರ್ಸೆಲಿನ್ ಟೈಲ್ಸನ್ನು ಪ್ಲಾಸ್ಟಿಕ್ ಪೆಡೆಸ್ಟಲ್ (ಟೈಲ್ಸನ್ನು ಎತ್ತಿ ಹಿಡಿಯುವ ಪುಟ್ಟ ಕಾಲುಗಳು) ಮೇಲೆ ಅಂಟಿಸದೆ ಸುಮ್ನೆ ಇಟ್ಟರೆ ನೀರು ಸಂದಿನಿಂದ ಇಳಿದು ಪದರದ ಮೇಲೆ ಹರಿದು ಹೋಗುತ್ತದೆ. ಬೇಕಾದಾಗ ಎತ್ತಿ ಕಸ ತೆಗೆಯಬಹುದು. ಆದರೆ ಖರ್ಚು ಜಾಸ್ತಿ, ಭಾರವೂ ಜಾಸ್ತಿ: ಚದರ ಮೀಟರ್‌ಗೆ ಸುಮಾರು 45 ಕೆಜಿ. ನೆಲವೂ ಏರುತ್ತದೆ.

ಹೊಸ್ತಿಲು ತಗ್ಗಾಗಿದ್ದು, ತೊಲೆಗಳು ಅಲುಗದಷ್ಟು ಗಟ್ಟಿ ಇದ್ದರೆ ಅಂಟಿಸಿ. ಕೆಳಗೆ ಕೋಣೆ ಇದ್ದರೆ ನಾನಂತೂ ಪೆಡೆಸ್ಟಲ್‌ಗೇ ಹೋಗುತ್ತೇನೆ. ಎರಡಕ್ಕೂ ಮೀಟರ್‌ಗೆ 1-2 ಸೆಂಮೀ ಇಳಿಜಾರು ಬೇಕು.