43 ಇಂಚಿನ ಅಗ್ಗದ 4ಕೆ ಟಿವಿ: ‘ಕ್ಲಾರಿಟಿ ಇಲ್ಲ’ ಅನ್ನುವ ದೂರಿನೊಳಗೆ ಏನಿದೆ?

20ರಿಂದ 30 ಸಾವಿರದೊಳಗಿನ 43 ಇಂಚಿನ 4ಕೆ ಎಲ್‌ಇಡಿ ಟಿವಿ ಕೊಂಡವರು ಬರೆದಿದ್ದನ್ನು ಓದುತ್ತ ಹೋಗಿ. ಒಂದೇ ಮಾಡೆಲ್‌ಗೆ ಒಬ್ಬರು ಐದು ಸ್ಟಾರ್ ಕೊಟ್ಟು ‘ಪಿಕ್ಚರ್ ಸೂಪರ್’ ಅಂದಿರುತ್ತಾರೆ, ಅದರ ಕೆಳಗೇ ಇನ್ನೊಬ್ಬರು ‘ಕ್ಲಾರಿಟಿ ಇಲ್ಲ, ದುಡ್ಡು ದಂಡ’ ಅಂತ ಒಂದು ಸ್ಟಾರ್ ಒತ್ತಿರುತ್ತಾರೆ. ಇಬ್ಬರದೂ ಸುಳ್ಳಲ್ಲ. ಮೊದಲನೆಯವರು ಯೂಟ್ಯೂಬಿನ 4ಕೆ ವಿಡಿಯೊ ಹಾಕಿ ನೋಡಿದ್ದಾರೆ. ಎರಡನೆಯವರು ಹಳೆ ಟಿವಿಯಿಂದ ಬಿಚ್ಚಿದ ಸೆಟ್‌ಟಾಪ್ ಬಾಕ್ಸನ್ನು ಅದೇ ಕೆಂಪು-ಬಿಳಿ-ಹಳದಿ ಎವಿ ವೈರಿನ ಸಮೇತ ಹೊಸದಕ್ಕೆ ಸಿಕ್ಕಿಸಿ ಸಂಜೆಯ ಧಾರಾವಾಹಿ ನೋಡಿದ್ದಾರೆ.

ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 4ಕೆ ತೆರೆಯಲ್ಲಿ 3840 × 2160, ಅಂದರೆ ಸುಮಾರು 83 ಲಕ್ಷ ಚುಕ್ಕಿ. ಎಸ್‌ಡಿ, ಅಂದರೆ ಹಳೆಯ ಮಾಮೂಲಿ ಗುಣಮಟ್ಟದ ಚಾನೆಲ್‌ನ ಚಿತ್ರ ಹೆಚ್ಚೆಂದರೆ 720 × 576, ನಾಲ್ಕು ಲಕ್ಷ ಚಿಲ್ಲರೆ. ಬಂದ ಒಂದು ಚುಕ್ಕಿಯಿಂದ ಟಿವಿ 20 ಚುಕ್ಕಿ ತುಂಬಿಸಬೇಕು. ಹತ್ತೊಂಬತ್ತನ್ನು ಅದು ಊಹೆಯ ಮೇಲೆ ಬಳಿಯುತ್ತದೆ, ಮತ್ತು ಈ ಬೆಲೆಯ ಟಿವಿಗಳ ಪ್ರೊಸೆಸರ್‌ಗೆ ಊಹೆಯಲ್ಲಿ ಅಂಥ ಜಾಣತನವಿಲ್ಲ. ಮುಖ ಮೇಣದ ಹಾಗೆ, ಸೀರೆಯ ಜರಿ ಕಲಸಿಹೋದ ಹಾಗೆ ಕಾಣುವುದು ಇದರಿಂದ. ಹಳೆಯ 32 ಇಂಚಿನ ಟಿವಿಯಲ್ಲಿ ಇದೇ ಚಾನೆಲ್ ‘ಇದಕ್ಕಿಂತ ಚೆನ್ನಾಗಿ’ ಕಾಣುತ್ತಿತ್ತು ಅನ್ನುವ ಮಾತೂ ನಿಜವೇ. ಅಲ್ಲಿ ಹಿಗ್ಗಿಸಬೇಕಾದದ್ದು ಕಡಿಮೆ.

ಆದ್ದರಿಂದ ಟಿವಿಯನ್ನು ಬೈಯುವ ಮೊದಲು ಬಾಕ್ಸ್ ನೋಡಿ. ಎವಿ ವೈರ್ ಕಿತ್ತು ಎಚ್‌ಡಿಎಂಐ ಕೇಬಲ್ ಹಾಕಿ. ಬಾಕ್ಸಿಗೆ ಎಚ್‌ಡಿಎಂಐ ಪೋರ್ಟೇ ಇಲ್ಲದಿದ್ದರೆ ಅದು ಎಸ್‌ಡಿ ಬಾಕ್ಸ್, ಕೇಬಲ್‌ನವರಿಗೆ ಹೇಳಿ ಬದಲಾಯಿಸಿಕೊಳ್ಳಬೇಕು. ಎಚ್‌ಡಿ ಬಾಕ್ಸ್ ಬಂದ ಮಾತ್ರಕ್ಕೂ ಕೆಲಸ ಮುಗಿಯಲಿಲ್ಲ. ಬಾಕ್ಸಿನ ಮೆನುವಿನಲ್ಲಿ ವಿಡಿಯೊ ಔಟ್‌ಪುಟ್ 576ಐ (ಎಸ್‌ಡಿ) ಅಂತಲೇ ಉಳಿದಿರಬಹುದು. ಅದನ್ನು 1080ಐ (ಎಚ್‌ಡಿ), 50 ಹರ್ಟ್ಸ್‌ಗೆ ತರಬೇಕು. 60 ಹರ್ಟ್ಸ್‌ಗೆ ಇಟ್ಟರೆ ನ್ಯೂಸ್ ಚಾನೆಲ್‌ನ ಕೆಳಗೆ ಓಡುವ ಪಟ್ಟಿ ತಡವರಿಸುತ್ತ ಓಡುತ್ತದೆ, ಏಕೆಂದರೆ ನಮ್ಮ ಪ್ರಸಾರವೆಲ್ಲ 50ರ ಲೆಕ್ಕದ್ದು. ಆಮೇಲೆ ಪ್ಯಾಕ್. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಇವಕ್ಕೆಲ್ಲ ಎಚ್‌ಡಿ ಚಾನೆಲ್ ಬೇರೆ ನಂಬರಿನಲ್ಲಿದೆ, ದುಡ್ಡೂ ಬೇರೆ. ಎಷ್ಟೋ ಮನೆಗಳಲ್ಲಿ ಎಚ್‌ಡಿ ಪ್ಯಾಕಿಗೆ ದುಡ್ಡು ಕಟ್ಟುತ್ತಲೇ ಅಭ್ಯಾಸಬಲದಿಂದ ಹಳೆ ನಂಬರನ್ನೇ ಒತ್ತುತ್ತಿರುತ್ತಾರೆ. ಮುಖಗಳು ಅಡ್ಡಕ್ಕೆ ಊದಿಕೊಂಡಿದ್ದರೆ ಅಥವಾ ಓಡುವ ಪಟ್ಟಿಯ ಕೆಳ ಅಂಚು ಕತ್ತರಿಸಿದ್ದರೆ ಟಿವಿಯ ಆಸ್ಪೆಕ್ಟ್ ರೇಶಿಯೊದಲ್ಲಿ ‘ಜಸ್ಟ್ ಸ್ಕ್ಯಾನ್’ ಅಥವಾ ‘ಸ್ಕ್ರೀನ್ ಫಿಟ್’ ಆರಿಸಿ, ಬಾಕ್ಸಿನಲ್ಲಿ 16:9 ಇಡಿ.

ಆ್ಯಪ್‌ಗಳದು ಬೇರೆ ಕಥೆ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಸಿಗುವುದು ಪ್ರೀಮಿಯಂ ಪ್ಲಾನಿಗೆ ಮಾತ್ರ, ಅದಕ್ಕೆ 15 ಎಂಬಿಪಿಎಸ್ ವೇಗ ಬೇಕು. ಯೂಟ್ಯೂಬಿನಲ್ಲಿ ನಿಜವಾಗಿ ಎಷ್ಟು ಬರುತ್ತಿದೆ ಎಂದು ನೋಡಲು ವಿಡಿಯೊ ಸೆಟ್ಟಿಂಗ್‌ನಲ್ಲಿ ‘ಸ್ಟಾಟ್ಸ್ ಫಾರ್ ನರ್ಡ್ಸ್’ ಆನ್ ಮಾಡಿ. 4ಕೆ ವಿಡಿಯೊಗೂ ಅಲ್ಲಿ 1280 × 720 ಅಂತ ಇದ್ದರೆ ತಪ್ಪು ಟಿವಿಯ ಪ್ಯಾನೆಲ್ಲಿನದಲ್ಲ, ಬಹುಶಃ ಎರಡು ಗೋಡೆಯಾಚೆ ಇರುವ ರೂಟರಿನದು.

ಇನ್ನು ಸೆಟ್ಟಿಂಗ್. ಅಂಗಡಿಯ ಬೆಳಕಿಗೆ ಸರಿಯಾಗಿ ಹೊಳೆಯಲೆಂದು ಬಂದ ‘ವಿವಿಡ್’ ಮೋಡ್ ಮನೆಯಲ್ಲೂ ಹಾಗೇ ಉಳಿದುಬಿಟ್ಟಿರುತ್ತದೆ. ಮೊದಲ ಸಲ ಆನ್ ಮಾಡಿದಾಗ ‘ಸ್ಟೋರ್’ ಅಥವಾ ‘ಹೋಮ್’ ಎಂದು ಕೇಳುತ್ತದಲ್ಲ, ಅಲ್ಲಿ ಇನ್‌ಸ್ಟಾಲ್ ಮಾಡಲು ಬಂದ ಹುಡುಗ ಅವಸರದಲ್ಲಿ ಸ್ಟೋರ್ ಒತ್ತಿಹೋಗಿದ್ದರಂತೂ ಪ್ರತಿ ಬಾರಿ ಎಷ್ಟು ಬದಲಿಸಿದರೂ ಅದು ಮರಳಿ ವಿವಿಡ್‌ಗೇ ಹೋಗಿ ಕೂರುತ್ತದೆ. ಹೋಮ್ ಮಾಡಿ, ಪಿಕ್ಚರ್ ಮೋಡ್ ‘ಸಿನಿಮಾ’ ಅಥವಾ ‘ಮೂವಿ’ಗೆ ತನ್ನಿ, ಕಲರ್ ಟೆಂಪರೇಚರ್ ‘ವಾರ್ಮ್’ ಇಡಿ. ಮೊದಲೆರಡು ದಿನ ಎಲ್ಲ ಹಳದಿ ಅನ್ನಿಸುತ್ತದೆ. ಕಣ್ಣಿಗೆ ಅಂಗಡಿಯ ನೀಲಿ ಅಂಟಿರುವುದರಿಂದ ಹಾಗೆ. ಮೂರನೇ ದಿನ ವಿವಿಡ್‌ಗೆ ಮರಳಿ ನೋಡಿದರೆ ಮುಖಗಳು ಸುಣ್ಣ ಬಳಿದಂತೆ ಕಾಣುತ್ತವೆ.

ಬ್ಯಾಕ್‌ಲೈಟ್ ಮತ್ತು ಬ್ರೈಟ್‌ನೆಸ್ ಎರಡೂ ಒಂದೇ ಅಂದುಕೊಂಡು ಕೆಡಿಸಿಕೊಂಡವರೇ ಹೆಚ್ಚು. ತೆರೆಯ ಬೆಳಕು ಬ್ಯಾಕ್‌ಲೈಟ್‌ನದು. ಹಗಲಿಗೆ 70-80, ರಾತ್ರಿಗೆ 40 ಸಾಕು. ಮೆನುವಿನಲ್ಲಿ ಎರಡೂ ಇದ್ದಾಗ ಬ್ರೈಟ್‌ನೆಸ್ ಹೆಚ್ಚಿಸಿದರೆ ಬೆಳಕು ಹೆಚ್ಚುವುದಲ್ಲ, ಕಪ್ಪು ಬೂದು ಬಣ್ಣವಾಗುತ್ತದೆ. ಅದನ್ನು 50ರ ಹತ್ತಿರವೇ ಬಿಡಿ. ಕಾಂಟ್ರಾಸ್ಟ್ 85-90ರಲ್ಲಿಟ್ಟು ಟೆಸ್ಟ್ ಪಂದ್ಯ ಹಾಕಿ: ಆಟಗಾರನ ಬಿಳಿ ಅಂಗಿಯ ಮಡಿಕೆ ಕಾಣಬೇಕು. ಕಾಣದೆ ಬರೀ ಬಿಳಿ ಹಾಳೆಯಾಗಿದ್ದರೆ ಇನ್ನೂ ಇಳಿಸಿ. ಡೈನಾಮಿಕ್ ಕಾಂಟ್ರಾಸ್ಟ್ ಆಫ್ ಮಾಡಿ, ದೃಶ್ಯ ಬದಲಾದಂತೆ ಬೆಳಕು ಉಸಿರಾಡುವ ಹಾಗೆ ಏರಿಳಿಯುವುದು ಅದರ ಕಾಟ.

ಶಾರ್ಪ್‌ನೆಸ್‌ಗೆ ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಯೂಟ್ಯೂಬಿನಲ್ಲಿ ರಾತ್ರಿಯಾಟದ ಒಳ್ಳೆಯ ರೆಕಾರ್ಡಿಂಗ್ ಹುಡುಕಿ, ಮುಖ ಹತ್ತಿರದಿಂದ ಬಂದಾಗ ನಿಲ್ಲಿಸಿ. ಕೆಂಪು-ಕಪ್ಪು ಬಣ್ಣದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ (ಉಬ್ಬು ಚುಕ್ಕಿ) ಸಾಲುಸಾಲಾಗಿ ಇಟ್ಟಿರುತ್ತದೆ. ಶಾರ್ಪ್‌ನೆಸ್ 50ರಲ್ಲಿದ್ದರೆ ಪ್ರತಿ ಚಿಟ್ಟಿಯ ಸುತ್ತ ತೆಳ್ಳಗೆ ಒಂದು ಬೆಳಕಿನ ಬಳೆ, ಅದರಾಚೆ ಕಪ್ಪು ಗೆರೆ. ಅದು ವೇಷದಲ್ಲಿಲ್ಲ, ಟಿವಿ ಸೇರಿಸಿದ್ದು. ಬಳೆ ಮಾಯವಾಗುವ ತನಕ ಇಳಿಸುತ್ತ ಬನ್ನಿ. ಬಹುಪಾಲು ಸೆಟ್‌ಗಳಲ್ಲಿ 10ರ ಆಸುಪಾಸಿಗೆ ನಿಲ್ಲುತ್ತದೆ. ಅದೇ ದೃಶ್ಯದಲ್ಲಿ ವೇಷದ ಹಿಂದಿನ ಕತ್ತಲೆ ನೋಡಿ. ಈ ಟಿವಿಗಳ ಪ್ಯಾನೆಲ್‌ನಲ್ಲಿ ವಿಎ, ಐಪಿಎಸ್ ಎಂದು ಎರಡು ಮುಖ್ಯ ಬಗೆ. ಕಪ್ಪಾಗಿದ್ದರೆ ಬಹುಶಃ ವಿಎ, ಬೂದು ಮಂಜಿನ ಹಾಗಿದ್ದರೆ ಬಹುಶಃ ಐಪಿಎಸ್.

ಈ ವ್ಯತ್ಯಾಸವನ್ನು ಯಾವ ಸೆಟ್ಟಿಂಗೂ ಅಳಿಸುವುದಿಲ್ಲ. ಐಪಿಎಸ್‌ನ ಕಾಂಟ್ರಾಸ್ಟ್ 1000ಕ್ಕೆ 1ರ ಸುಮಾರು, ವಿಎದು 3000 ಮೀರುತ್ತದೆ. ಆದರೆ ವಿಎ ಪ್ಯಾನೆಲನ್ನು ಪಕ್ಕದಿಂದ ನೋಡಿದರೆ ಬಣ್ಣ ತೊಳೆದುಹೋದಂತಾಗುತ್ತದೆ. ಎಲ್ ಆಕಾರದ ಸೋಫಾ, ಹತ್ತು ಜನ ಕೂತು ನೋಡುವ ಹಾಲ್ ಆದರೆ ಐಪಿಎಸ್. ಲೈಟ್ ಆರಿಸಿ ಎದುರಿಗೆ ಕೂತು ಸಿನಿಮಾ ನೋಡುವವರಿಗೆ ವಿಎ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದು ಅಪರೂಪ, ಒಂದೇ ಮಾಡೆಲ್ ನಂಬರಿನೊಳಗೆ ಎರಡೂ ಬಗೆಯ ಪ್ಯಾನೆಲ್ ಬರುವುದೂ ಉಂಟು. ಕ್ಯೂಎಲ್‌ಇಡಿ ಅನ್ನುವ ಹೆಸರಿಗೆ ಇದರಲ್ಲಿ ಪಾತ್ರವಿಲ್ಲ. ಅಲ್ಲಿ ಕ್ವಾಂಟಮ್ ಡಾಟ್ ಹಾಳೆಯಿಂದ ಬಣ್ಣ ಗಾಢವಾಗುತ್ತದೆ, ಕಪ್ಪು ಮಾತ್ರ ಇದ್ದಷ್ಟೇ.

ಬೆಳಕು-ಕತ್ತಲೆಯ ಅಂತರವನ್ನು ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ಬಗ್ಗೆ ನೇರವಾಗಿ ಹೇಳುವುದಾದರೆ, ಈ ಬೆಲೆಯಲ್ಲಿ ಅದು ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್ ಅಷ್ಟೆ. ಎಚ್‌ಡಿಆರ್ ಸಿನಿಮಾಗಳನ್ನು ಸಾಮಾನ್ಯವಾಗಿ 1000 ನಿಟ್ಸ್ (ತೆರೆಯ ಬೆಳಕಿನ ಅಳತೆ) ಅಥವಾ ಇನ್ನೂ ಹೆಚ್ಚಿನ ಬೆಳಕಿಗೆ ಹೊಂದಿಸಿ ತಯಾರಿಸುತ್ತಾರೆ. ಇಂಥ ತೆರೆ ಕೊಡುವುದು 250-300. ಉಳಿದದ್ದನ್ನು ತಗ್ಗಿಸಿ ತೋರಿಸುವ ಭರದಲ್ಲಿ ಇಡೀ ಚಿತ್ರ ಕತ್ತಲಾಗುತ್ತದೆ. ‘ಡಾಲ್ಬಿ ವಿಷನ್ ಹಾಕಿದರೆ ಏನೂ ಕಾಣಲ್ಲ’ ಎಂಬ ದೂರಿನ ಮೂಲ ಇದು, ಡಾಲ್ಬಿ ವಿಷನ್ ಕೂಡ ಎಚ್‌ಡಿಆರ್‌ನ ಒಂದು ಬಗೆಯೇ. ಡಾಲ್ಬಿ ವಿಷನ್ ಬಂದಾಗ ಪಿಕ್ಚರ್ ಮೋಡ್‌ನಲ್ಲಿ ‘ಡಾರ್ಕ್’ ಬಿಟ್ಟು ‘ಬ್ರೈಟ್’ ಆರಿಸಿದರೆ ಸ್ವಲ್ಪ ವಾಸಿ. ಸ್ಟ್ರೀಮಿಂಗ್ ಸ್ಟಿಕ್ ಇದ್ದವರು ಅದರಲ್ಲೇ ಎಚ್‌ಡಿಆರ್ ಆಫ್ ಮಾಡಬಹುದು, ಹಗಲಲ್ಲಿ ನೋಡುವವರಿಗೆ ಅದೇ ಸರಿ.

ಸೆಟ್ಟಿಂಗ್‌ನಿಂದ ಹೋಗದ, ವಾಪಸ್ ಕಳಿಸಲೇಬೇಕಾದ ದೋಷಗಳನ್ನು ಬೇಗ ಹಿಡಿಯಬೇಕು. ಆನ್‌ಲೈನಿನಲ್ಲಿ ಕೊಂಡರೆ ಬದಲಿ ಅವಧಿ ಸಾಮಾನ್ಯವಾಗಿ 7 ಅಥವಾ 10 ದಿನ. ಪೆಟ್ಟಿಗೆಯನ್ನು ಕಂಪನಿಯವರು ಬಂದು ಬಿಚ್ಚುವ ತನಕ ಮುಟ್ಟಬೇಡಿ, ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು ತುಂಬುತೆರೆಯ ವಿಡಿಯೊ ಹಾಕಿದರೆ ಸತ್ತ ಚುಕ್ಕಿ ಸಿಗುತ್ತದೆ. ಒಂದೆರಡು ಚುಕ್ಕಿಗೆಲ್ಲ ವಾರಂಟಿಯಲ್ಲಿ ಬದಲಿ ಕೊಡುವವರು ಕಮ್ಮಿ, ಬದಲಿ ಅವಧಿಯೊಳಗೇ ಹೇಳಿಬಿಡಿ. ಬೂದು ಬಣ್ಣದ ತೆರೆ ಹಾಕಿ ಅಥವಾ ಕ್ರಿಕೆಟ್ಟಿನ ಹಸಿರು ಮೈದಾನದ ಮೇಲೆ ಕ್ಯಾಮೆರಾ ಸರಿಯುವುದನ್ನು ನೋಡಿ: ಒದ್ದೆ ಬಟ್ಟೆಯಲ್ಲಿ ಒರೆಸಿದ ಕಲೆಯ ಹಾಗೆ ಪಟ್ಟೆಗಳು ನಿಂತೇ ಇದ್ದರೆ ಅದು ಪ್ಯಾನೆಲ್ಲಿನ ದೋಷ.

ತೆರೆಯ ಮೇಲೆ ಅಲ್ಲಲ್ಲಿ ದುಂಡಗೆ ಬಿಳಿ ಬೆಳಕಿನ ಬೊಟ್ಟು ಕಾಣಿಸುವುದು ಒಂದೆರಡು ವರ್ಷದ ಮೇಲಿನ ದೂರು. ಹಿಂದಿನ ಎಲ್‌ಇಡಿ ಪಟ್ಟಿಯಲ್ಲಿ ಪ್ರತಿ ಬಲ್ಬಿನ ಮೇಲೆ ಅಂಟಿಸಿದ ಪುಟ್ಟ ಲೆನ್ಸ್ ಕಳಚಿ ಬಿದ್ದಿರುತ್ತದೆ. ಸದ್ದು ಬರುತ್ತದೆ, ಚಿತ್ರವಿಲ್ಲ ಅಂದರೆ ಕತ್ತಲಲ್ಲಿ ಟಾರ್ಚನ್ನು ತೆರೆಗೆ ಓರೆಯಾಗಿ ಹಿಡಿಯಿರಿ. ಚಿತ್ರ ಮಸುಕಾಗಿ ಅಲುಗಾಡುವುದು ಕಂಡರೆ ಪ್ಯಾನೆಲ್ ಜೀವಂತವಾಗಿದೆ, ಹೋಗಿರುವುದು ಬ್ಯಾಕ್‌ಲೈಟ್. ಬಲ್ಬುಗಳು ಸರಣಿಯಲ್ಲಿರುವುದರಿಂದ ಒಂದು ಸುಟ್ಟರೂ ಬೆಳಕೇ ಹೋಗಬಹುದು. ರಿಪೇರಿಯವರಿಂದ ಸುಟ್ಟ ಒಂದೇ ಬಲ್ಬ್ ಹಾಕಿಸದೆ ಪಟ್ಟಿಗಳ ಪೂರ್ತಿ ಸೆಟ್ಟೇ ಬದಲಿಸಿ, ಇಲ್ಲವಾದರೆ ಅಷ್ಟೇ ಹಳೆಯದಾದ ಪಕ್ಕದ ಬಲ್ಬು ಕೆಲವೇ ತಿಂಗಳಲ್ಲಿ ಹೋಗುತ್ತದೆ. ಬ್ಯಾಕ್‌ಲೈಟ್ ಸದಾ 100ರಲ್ಲಿಟ್ಟು ದಿನಕ್ಕೆ ಹತ್ತು ತಾಸು ಓಡಿಸುವ ಮನೆಗಳಲ್ಲಿ ಇದು ಬೇಗ ಬರುತ್ತದೆ, ಏಕೆಂದರೆ ಎಲ್‌ಇಡಿಯ ಶತ್ರು ಬಿಸಿ.

ಉದ್ದುದ್ದ ಗೆರೆಗಳ ವಿಷಯ ಬೇರೆ. ಗಾಜಿನ ಅಂಚಿಗೆ ಅಂಟಿದ ತೆಳು ರಿಬ್ಬನ್ ಕೇಬಲ್ ಬಿಟ್ಟಾಗ ಅವು ಬರುತ್ತವೆ. ಗಾಜು ಒರೆಸುವ ದ್ರವವನ್ನು ನೇರವಾಗಿ ತೆರೆಗೇ ಸಿಂಪಡಿಸುವುದು ಇದಕ್ಕೆ ಒಂದು ಕಾರಣ: ಹನಿ ಇಳಿದು ಕೆಳಗಿನ ಪಟ್ಟಿಯೊಳಗೆ ಸೇರಿ ಅಲ್ಲಿನ ರಿಬ್ಬನ್ ತಿಂದುಹಾಕುತ್ತದೆ. ಒಣ ಮೈಕ್ರೊಫೈಬರ್ ಬಟ್ಟೆ ಸಾಕು. ಪ್ಯಾನೆಲ್ ಬದಲಿಸುವ ಖರ್ಚು ಹೊಸ ಟಿವಿಯ ಬೆಲೆಗೆ ಹತ್ತಿರ ಹೋಗುವುದರಿಂದ ವಾರಂಟಿ ಮುಗಿದ ಮೇಲೆ ಯಾರೂ ಆ ದಾರಿ ಹಿಡಿಯುವುದಿಲ್ಲ.

ಕೊಳ್ಳಬಹುದೇ? ಎಚ್‌ಡಿ ಬಾಕ್ಸ್, ಆ್ಯಪ್, ಸ್ವಲ್ಪ ಸೆಟ್ಟಿಂಗ್ ತಿರುವುವ ತಾಳ್ಮೆ ಇದ್ದವರಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಎಂಟು ಅಡಿ ದೂರ ಕೂತು ನೋಡುವವರು ಮಾತ್ರ ಒಂದು ಲೆಕ್ಕ ತಿಳಿದಿರಲಿ: 43 ಇಂಚಿನಲ್ಲಿ ಫುಲ್ ಎಚ್‌ಡಿಯ ಚುಕ್ಕಿಗಳೇ ಸುಮಾರು ಐದೂವರೆ ಅಡಿ ದಾಟಿದರೆ ಬಿಡಿಬಿಡಿಯಾಗಿ ಕಣ್ಣಿಗೆ ಸಿಗುವುದಿಲ್ಲ, ಅಷ್ಟು ದೂರದಿಂದ 4ಕೆ ಅನ್ನುವುದು ಕಣ್ಣಿಗೆ ಕಾಣದ ಸಂಗತಿ. ಬರೀ ಕೇಬಲ್ ನೋಡುವ ಮನೆಗೆ ಫುಲ್ ಎಚ್‌ಡಿ ಸಾಕು. ಅಷ್ಟು ದೂರದಿಂದ 4ಕೆಯೇ ಬೇಕೆಂದರೆ 65 ಇಂಚಿಗೆ ದುಡ್ಡು ಕೂಡಿಸಿ. 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರಿಂದ 18 ಪ್ರತಿಶತಕ್ಕೆ ಇಳಿದಿದೆ, ಚೌಕಾಸಿ ಮಾಡುವಾಗ ಹಳೆ ದರಪಟ್ಟಿ ನೋಡಬೇಡಿ. ಅಂಗಡಿಗೆ ಹೋದಾಗ ಹೂವು, ಹಕ್ಕಿ, ಸಮುದ್ರದ ಡೆಮೊ ನಿಲ್ಲಿಸಿ ಒಂದು ಮಾಮೂಲಿ ಎಸ್‌ಡಿ ಚಾನೆಲ್ ಹಾಕಲು ಹೇಳಿ, ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿದು ನೋಡಿ. ‘ಕೇಬಲ್ ಕನೆಕ್ಷನ್ ಇಲ್ಲ ಸಾರ್’ ಅಂದರೆ ಪಕ್ಕದ ಅಂಗಡಿಯಲ್ಲಿ ಇರುತ್ತದೆ.