ಕಡಲತಳದ ಭೂಕಂಪಮಾಪಕ: ಕೊಳ್ಳುವ ಮುನ್ನ ಒತ್ತಡಮಾಪಕವನ್ನು ನೋಡಿ

ಭೂಮಿಯ ಮೇಲ್ಮೈಯ ಸುಮಾರು ಶೇಕಡಾ 71 ಭಾಗವನ್ನು ಕಡಲು ಆವರಿಸಿರುವುದರಿಂದ, ನೆಲದ ಮತ್ತು ದ್ವೀಪಗಳ ಭೂಕಂಪಮಾಪನ ಕೇಂದ್ರಗಳನ್ನಷ್ಟೇ ನಂಬಿ ಬಿಡಿಸಿದ ಮ್ಯಾಂಟಲ್‌ನ (ಭೂಮಿಯ ತೊಗಟೆಯ ಕೆಳಗಿನ ದಪ್ಪ ಶಿಲಾಪದರದ) ಚಿತ್ರದಲ್ಲಿ ದೊಡ್ಡ ದೊಡ್ಡ ಖಾಲಿ ಜಾಗಗಳು ಉಳಿಯುತ್ತವೆ. ಅವುಗಳನ್ನು ತುಂಬಲೆಂದೇ ಇರುವ ಉಪಕರಣ ಬ್ರಾಡ್‌ಬ್ಯಾಂಡ್ ಒಬಿಎಸ್, ಅಂದರೆ ವೇಗದ ಕಂಪನದಿಂದ ಅತಿ ನಿಧಾನದ ಕಂಪನದವರೆಗೆ ದಾಖಲಿಸುವ ಸಾಗರತಳದ ಭೂಕಂಪಮಾಪಕ. ನಾನಿಲ್ಲಿ ಒಂದು ಕಂಪನಿಯ ಮಾದರಿಯನ್ನಲ್ಲ, ಈ ಇಡೀ ಬಗೆಯನ್ನು, ಅದರ ದತ್ತಾಂಶವನ್ನು ಸಂಸ್ಕರಿಸುವವನ ದೃಷ್ಟಿಯಿಂದ ವಿಮರ್ಶಿಸುತ್ತಿದ್ದೇನೆ.

ಯಾಂತ್ರಿಕವಾಗಿ ಇದು ಮೆಚ್ಚತಕ್ಕ ಸಾಧನ. ಹಡಗಿನಿಂದ ಬಿಟ್ಟರೆ ಲಂಗರಿನ ಭಾರಕ್ಕೆ ತಾನೇ ಮುಳುಗಿ, ವರ್ಷದಷ್ಟು ಕಾಲ ಬ್ಯಾಟರಿಯ ಮೇಲೆ ದಾಖಲಿಸುತ್ತದೆ. ಮೇಲಿನಿಂದ ಧ್ವನಿಸಂಕೇತ ಕಳುಹಿಸಿದಾಗ, ಹಲವು ಮಾದರಿಗಳಲ್ಲಿ ಲಂಗರನ್ನು ಹಿಡಿದಿರುವ ತಂತಿಗೆ ವಿದ್ಯುತ್ ಹರಿದು, ಅದು ಉಪ್ಪುನೀರಿನಲ್ಲಿ ಸವೆದು ಕಡಿದುಹೋಗುತ್ತದೆ. ಹಡಗಿನ ಪರದೆಯ ಮೇಲೆ ದೂರದ ಅಂಕಿ ಇಳಿಯತೊಡಗಿದರೆ ಉಪಕರಣ ತಳ ಬಿಟ್ಟಿದೆ ಎಂದರ್ಥ. ಇಳಿಯದಿದ್ದರೆ ವರ್ಷದ ದತ್ತಾಂಶ ಅಲ್ಲೇ ಉಳಿಯಿತು.

ಕ್ಯಾಟಲಾಗುಗಳು ಸಂವೇದಕವು 120 ಸೆಕೆಂಡಿನ ಅವಧಿಯವರೆಗೂ (ಅಂದರೆ ಒಂದು ಆಂದೋಲನಕ್ಕೆ ಅಷ್ಟು ಸಮಯ ಹಿಡಿಯುವ ಕಂಪನವನ್ನೂ) ಕೇಳಬಲ್ಲದೆಂದು ಮುಂಪುಟದಲ್ಲೇ ಸಾರುತ್ತವೆ. ಮಾತು ಸುಳ್ಳಲ್ಲ, ಆದರೆ ಅಷ್ಟು ದೀರ್ಘ ಅವಧಿಯಲ್ಲಿ ಕಡಲಿನ ಇನ್‌ಫ್ರಾಗ್ರಾವಿಟಿ ಅಲೆಗಳು, ಅಂದರೆ ಮೇಲ್ಮೈಯ ಅತಿ ಉದ್ದನೆಯ ನಿಧಾನದ ಅಲೆಗಳು, ತಳವನ್ನೇ ಒತ್ತಿ ಬಿಡುತ್ತಾ, ಲಂಬ ಘಟಕದಲ್ಲಿ (ಮೇಲೆ-ಕೆಳಗಿನ ಚಲನೆಯ ದಾಖಲೆಯಲ್ಲಿ) ಭೂಕಂಪದ ಸಂಕೇತವನ್ನು ಮುಚ್ಚಿಹಾಕುತ್ತವೆ. ಅಲೆಯ ಉದ್ದ ನೀರಿನ ಆಳಕ್ಕೆ ಸರಿಸಮವಾದಾಗ ಅಥವಾ ಅದನ್ನು ಮೀರಿದಾಗ ಮಾತ್ರ ಅದರ ಒತ್ತಡ ತಳ ಮುಟ್ಟುವುದರಿಂದ, 4 ಕಿ.ಮೀ. ಆಳದಲ್ಲಿ ಈ ಸದ್ದು (ಬೇಡದ ಏರಿಳಿತ) ಸುಮಾರು 50 ಸೆಕೆಂಡಿಗಿಂತ ದೀರ್ಘ ಅವಧಿಗಳಲ್ಲಿ ಕಾಣಿಸಿಕೊಂಡರೆ, 1 ಕಿ.ಮೀ. ಆಳದಲ್ಲಿ 25 ಸೆಕೆಂಡಿನ ಅವಧಿಯಿಂದಲೇ ಶುರುವಾಗುತ್ತದೆ. ಭೂಫಲಕದ ಬುಡ ಮತ್ತು ಅದರ ಕೆಳಗಿನ ಮೆದು ಮ್ಯಾಂಟಲ್‌ನ ಸುದ್ದಿ ತರುವ ರೇಲೀ ತರಂಗಗಳು (ಭೂಮಿಯ ಮೇಲ್ಮೈಯ ಗುಂಟ ಸಾಗುವ ಭೂಕಂಪ ತರಂಗಗಳು) ಇರುವುದೂ ಬಹುಮಟ್ಟಿಗೆ ಇದೇ ಅವಧಿಗಳ ವ್ಯಾಪ್ತಿಯಲ್ಲಿ.

ಆದ್ದರಿಂದ ನನ್ನ ಮಟ್ಟಿಗೆ ಈ ಪೆಟ್ಟಿಗೆಯ ಅತಿ ಬೆಲೆಬಾಳುವ ಭಾಗ, ಬೆಲೆಪಟ್ಟಿಯಲ್ಲಿ ಹೆಚ್ಚುವರಿ ಐಚ್ಛಿಕ ಸಾಮಗ್ರಿಯೆಂದು ಕೆಳಗೆಲ್ಲೋ ನಮೂದಾಗುವ ಒತ್ತಡಮಾಪಕ. ಅದರ ದಾಖಲೆಯಿಂದ ಅಲೆಗಳ ಪಾಲನ್ನು ಅಂದಾಜಿಸಿ ಲಂಬ ಘಟಕದಿಂದ ಕಳೆದರೆ, ಅಲ್ಲಿಯವರೆಗೆ ಬರೀ ಏರಿಳಿತವಾಗಿದ್ದ ಗೆರೆಯಲ್ಲಿ ದೂರದ ಭೂಕಂಪದ ತರಂಗಸಾಲು ಎದ್ದು ಕಾಣುತ್ತದೆ. ಸಾಮಾನ್ಯ ಹೈಡ್ರೋಫೋನ್ (ನೀರಿನೊಳಗಿನ ಧ್ವನಿಗ್ರಾಹಕ) ಇಷ್ಟು ದೀರ್ಘ ಅವಧಿಯಲ್ಲಿ ಈ ಕೆಲಸಕ್ಕೆ ಸಾಲದು.

ಅಡ್ಡ ಘಟಕಗಳ (ಸಮತಲ ಚಲನೆಯ ದಾಖಲೆಗಳ) ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ತಳದ ಪ್ರವಾಹ ಉಪಕರಣವನ್ನು ಕಿಂಚಿತ್ತು ವಾಲಿಸಿದರೂ ಗುರುತ್ವದ ಪಾಲು ಅವುಗಳಿಗೆ ನುಸುಳುತ್ತದೆ. ಉಪಕರಣ ಯಾವ ದಿಕ್ಕಿಗೆ ಮುಖ ಮಾಡಿ ಕುಳಿತಿದೆಯೆಂಬುದನ್ನೂ ದೊಡ್ಡ ಭೂಕಂಪಗಳ ರೇಲೀ ತರಂಗಗಳಿಂದ ಆಮೇಲೆ ಲೆಕ್ಕ ಹಾಕಬೇಕು. ಮ್ಯಾಂಟಲ್ ಹರಿವಿನ ದಿಕ್ಕು ತಿಳಿಯಲು ಎಸ್‌ಕೆಎಸ್ ತರಂಗಗಳನ್ನು (ಭೂಮಿಯ ಗರ್ಭದ ದ್ರವ ಭಾಗವನ್ನು ದಾಟಿ ಬರುವ ಭೂಕಂಪ ತರಂಗಗಳನ್ನು) ನೆಚ್ಚಿಕೊಂಡವರು ಕವಚವಿರುವ ಅಥವಾ ಹೂಳಬಹುದಾದ ಸಂವೇದಕವನ್ನೇ ಕೇಳಲಿ.

ಗಡಿಯಾರವೂ ಮುಖ್ಯ. ನೀರಿನಡಿ ಜಿಪಿಎಸ್ ಸಿಗುವುದಿಲ್ಲ. ಸ್ಫಟಿಕ ಗಡಿಯಾರ ದಿನಕ್ಕೆ ಕೆಲವೇ ಮಿಲಿಸೆಕೆಂಡ್ ಜಾರಿದರೂ ವರ್ಷಕ್ಕೆ ಅದು ಸುಮಾರು ಒಂದು ಸೆಕೆಂಡ್ ಆಗಬಹುದು, ನಾವು ಹುಡುಕುವ ಪಿ ತರಂಗದ (ಎಲ್ಲಕ್ಕಿಂತ ಮೊದಲು ತಲುಪುವ ಭೂಕಂಪ ತರಂಗದ) ಆಗಮನಕಾಲದ ವ್ಯತ್ಯಾಸಗಳೂ ಅಷ್ಟೇ ಗಾತ್ರದವು. ಬಿಡುವ ಮುನ್ನ ಮತ್ತು ಎತ್ತಿದ ಕೂಡಲೇ ಸಮಯ ಹೊಂದಿಸಿದರೆ ಬಹುಪಾಲು ಸರಿಹೋಗುತ್ತದೆ, ಆದರೆ ಮೇಲೇರುವಷ್ಟರಲ್ಲಿ ಬ್ಯಾಟರಿ ಸತ್ತಿದ್ದರೆ ಎರಡನೆಯ ಹೊಂದಾಣಿಕೆಯೇ ಇಲ್ಲ. ಚಿಪ್ ಗಾತ್ರದ ಪರಮಾಣು ಗಡಿಯಾರಕ್ಕೆ ಹಣ ಸಾಲುವುದಾದರೆ ಹಿಂದೆಮುಂದೆ ನೋಡಬೇಡಿ.

ಪಿ ತರಂಗದ ಆಗಮನಕಾಲವಷ್ಟೇ ಸಾಕೆನ್ನುವವರಿಗೆ, ನೀರಿನ ನಡುವೆ ತೇಲುತ್ತಾ ಆಗಾಗ ಮೇಲೆ ಬಂದು ಉಪಗ್ರಹದ ಮೂಲಕ ದತ್ತಾಂಶ ಕಳುಹಿಸುವ ಮರ್ಮೇಡ್ ತೇಲುಯಂತ್ರ ಒಳ್ಳೆಯ ಪರ್ಯಾಯ. ಒಬಿಎಸ್ ಕೊಳ್ಳುವವರು ಮಾರಾಟಗಾರರಿಂದ ಒತ್ತಡಮಾಪಕದ ಅಂಶಾಂಕನ ಪತ್ರವನ್ನು (ಅದರ ಅಂಕಿ ಎಷ್ಟು ಒತ್ತಡಕ್ಕೆ ಸಮವೆಂದು ತಿಳಿಸುವ ಪತ್ರವನ್ನು) ಕೇಳಿ ಪಡೆಯಬೇಕು: ಸದ್ದು ಕಳೆಯಲು ಅದರ ನಿಖರ ಗುಣಕ ಬೇಕಿಲ್ಲವಾದರೂ, ಅದೇ ಅಲೆಗಳಿಗೆ ತಳ ಎಷ್ಟು ಬಗ್ಗುತ್ತದೆಂದು ಅಳೆದು ಕೆಸರು ಮತ್ತು ತೊಗಟೆಯ ಗಡಸುತನ ತಿಳಿಯಬಯಸಿದರೆ ಅದಿಲ್ಲದೆ ಲೆಕ್ಕ ಮುಂದೆ ಸಾಗದು.