ಅಮ್ಮನಿಗೆ ಫೋನ್ ಕಲಿಸುವುದು ಎಲ್ಲಿ: ಮನೆಯಲ್ಲೋ, ಅರಿವು ಕೇಂದ್ರದಲ್ಲೋ?

ಮನೆಯಲ್ಲಾದರೆ ಅವರದೇ ಫೋನ್, ಅವರದೇ ಬಿಡುವು. ಆದರೆ ಮಗನಿಗೆ ತಾಳ್ಮೆ ಕಡಿಮೆ. "ಕೊಡಮ್ಮ ಇಲ್ಲಿ" ಅಂತ ಕಿತ್ಕೊಂಡು ತಾನೇ ಒತ್ತಿಬಿಡುತ್ತಾನೆ. ಅಮ್ಮ ಸುಮ್ನೆ ನೋಡುತ್ತಾ ಕೂರುತ್ತಾರೆ, ಅಲ್ವಾ?

ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ನಮ್ಮ ಹಳೆಯ ಲೈಬ್ರರಿ. ಅಲ್ಲಿ ಕಂಪ್ಯೂಟರ್ ಇದ್ದರೆ ಕೀಬೋರ್ಡ್ ಕೈಗೆ ಹತ್ತುತ್ತದೆ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರಿಗೆ ಇದೇ ವಾಸಿ. ಕೂಲಿಗೆ ಹೋಗುವ ಹೆಂಗಸರಿಗೆ ಮಾತ್ರ ಅದು ತೆರೆದಿರುವ ಹೊತ್ತು ಹೊಂದುವುದು ಕಷ್ಟ.

ಯುಪಿಐ ಅಂತೂ ಮನೆಯಲ್ಲೇ, ಅವರ ಫೋನಿನಲ್ಲೇ ಕಲಿಸಿ. ಮೊದಲು ನಿಮಗೇ 1 ರೂಪಾಯಿ ಕಳಿಸಲಿ. ದುಡ್ಡು ಹೋಗಲು ಪಿನ್ ಬೇಕು, ಬರಲು ಬೇಡ. ಇದನ್ನು ಹತ್ತು ಸಲ ಹೇಳಿದರೂ ಜಾಸ್ತಿಯಲ್ಲ. ಮೋಸವಾದರೆ ಕರೆ ಮಾಡಲು 1930 ನಂಬರ್ ಸೇವ್ ಮಾಡಿಕೊಡಿ.